ಹಿಡಿಧಾನ್ಯ ಕಡಲು ದಾಟಿದ ವರ್ಷ

ನಮ್ಮ ಮಹಿಳಾ ಮಂಡಳಿಯ ಹಿಡಿಧಾನ್ಯದ ಚೀಲವನ್ನು ಈ ಶ್ರಾವಣದಿಂದ ಹೊಸ ಹುಡುಗಿಯರು ಹೊರುತ್ತಾರೆ. ನನ್ನ ಮೊಣಕಾಲುಗಳು ಇನ್ನು ಯಾರ ಮನೆಯ ಮೆಟ್ಟಿಲನ್ನೂ ಹತ್ತುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿಬಿಟ್ಟಿವೆ. ಮೊನ್ನೆ ಆ ಹುಡುಗಿಯರು ಬಂದು, “ಆಂಟಿ, ಈ ಕೆಲ್ಸ ಹೆಂಗ್ ಮಾಡ್ಬೇಕು ಅಂತ ಬರೆದುಕೊಡ್ರಿ” ಎಂದರು. ಬರೆಯಲು ಕೂತರೆ ಕೆಲಸ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಮನೆಮನೆಗೆ ಹೋಗಿ, ಚೀಲ ಒಡ್ಡಿ. ಉಳಿದದ್ದೆಲ್ಲ ಜನ. ಜನರ ವಿಷಯ ಒಂದು ಸಾಲಿಗೆ ನಿಲ್ಲುವುದಿಲ್ಲ.

ಹಿಡಿಧಾನ್ಯವೆಂದರೆ ಏನೆಂದು ಈಗಿನವರಿಗೆ ಹೇಳಲೇಬೇಕು. ಅಡಿಗೆಗೆ ಎಸರಿಡುವ ಮುಂಚೆ ಮನೆಯ ಹೆಂಗಸು ಅಕ್ಕಿಯನ್ನೋ ರಾಗಿಯನ್ನೋ ನವಣೆಯನ್ನೋ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಗಡಿಗೆಯಲ್ಲಿ ಹಾಕುತ್ತಾಳೆ. ಅದು ಶಿವನ ಪಾಲು. ಸೋಮವಾರ ನಾನು ಹೋಗಿ ಆ ಗಡಿಗೆಯನ್ನು ಚೀಲಕ್ಕೆ ಬಗ್ಗಿಸಿಕೊಂಡು ಬರಬೇಕು. ಚಳ್ಳಕೆರೆಯ ಪೇಟೆ ಬೀದಿಗಳಲ್ಲಿ ಎಷ್ಟೋ ವರ್ಷ ಇದೇ ನನ್ನ ಉದ್ಯೋಗ. ಸಂಬಳವಿಲ್ಲ. ಬಿಸಿಲಿತ್ತು, ನಾಯಿಗಳಿದ್ದವು, ಮಜ್ಜಿಗೆ ಕೊಡುವ ಪುಣ್ಯಾತ್ಗಿತ್ತಿಯರೂ ಇದ್ದರು. ಮಂಡಳಿಯ ಕಾರ್ಯದರ್ಶಿ ನಾನು ಹೇಗಾದೆ ಎಂಬುದೂ ದೊಡ್ಡ ಕಥೆಯಲ್ಲ. ಕಾರ್ಯದರ್ಶಿಯನ್ನು ಆರಿಸುವ ದಿನ ಸಭೆಗೆ ತಡವಾಗಿ ಹೋಗಿದ್ದೆ, ಅಷ್ಟೇ.

ಹುಡುಗಿಯರೇ, ಮುಂಬಾಗಿಲಿಗೆ ಹೋಗಬೇಡಿ. ಅಲ್ಲಿ ಗಂಡಸರು ಪೇಪರ್ ಹಿಡಿದು ಕೂತಿರುತ್ತಾರೆ. “ಯಾವ ಮಂಡಳಿ, ಯಾರ ಸೊಸೆ, ಯಾಕೆ ಬೇಕು” ಎಂದು ಕೇಳಿ, ಎಲ್ಲವನ್ನೂ ತಿಳಿದುಕೊಂಡು, ಕೊನೆಗೆ “ಒಳಗೆ ಕೇಳ್ರಿ” ಎನ್ನುತ್ತಾರೆ. ಹಿತ್ತಲಿಂದ ಹೋದರೆ ನೇರ ಒಲೆಯ ಹತ್ತಿರವೇ ಸೇರುತ್ತೀರಿ. ಮೊದಲನೆಯ ಮನೆಯಲ್ಲಿ ಟೀ ಕುಡಿಯಬೇಡಿ. ಕುಡಿದರೆ ಬೀದಿಯ ಕೊನೆಯ ಮನೆಯವರೆಗೂ ಎಲ್ಲರ ಮನೆಯಲ್ಲೂ ಕುಡಿಯಬೇಕಾಗುತ್ತದೆ. “ಅವ್ರ ಮನೇಲಿ ಕುಡ್ದ್ರಂತೆ” ಎಂಬ ಸುದ್ದಿ ನಿಮಗಿಂತ ಮುಂಚೆ ಓಡುತ್ತದೆ. ಹುಳ ಬಿದ್ದ ಅಕ್ಕಿ ಕೊಟ್ಟರೆ ಮುಖ ಗಂಟು ಹಾಕಬೇಡಿ. “ಅಕ್ಕಿ ಜೊತೆ ಜೀವಾನೂ ದಾನ ಮಾಡಿದ್ರಲ್ಲಕ್ಕ, ಪುಣ್ಯ ಡಬಲ್ ಆಯ್ತು” ಎಂದು ನಕ್ಕುಬಿಡಿ. ಮುಂದಿನ ಸೋಮವಾರ ಒಳ್ಳೆಯ ಅಕ್ಕಿ ಬಂದೇ ಬರುತ್ತದೆ.

ಆಗೆಲ್ಲ ಚೀಲದೊಳಗೆ ಎಲ್ಲ ಧಾನ್ಯವೂ ಕಲಸಿ ಬರುತ್ತಿತ್ತು. ಮಧ್ಯಾಹ್ನವಿಡೀ ಜರಡಿ ಹಿಡಿದು ರಾಗಿ ಬೇರೆ, ಅಕ್ಕಿ ಬೇರೆ, ಕಲ್ಲು ಬೇರೆ ಮಾಡುತ್ತಿದ್ದೆವು. ಬರಬರುತ್ತ ಜನ ಚಿಲ್ಲರೆ ಕಾಸು ಕೊಡಲು ಕಲಿತರು. ಈಗ ನಿಮಗೆ ಚೀಲದ ಜೊತೆ ಒಂದು ಡಬ್ಬಿ, ಅದಕ್ಕೆ ಬೀಗ. ನಿಮಗೆ ಸುಲಭ, ಸಂತೋಷ. ಆದರೆ ಜರಡಿ ಹಿಡಿಯುವಾಗ ಆಡುತ್ತಿದ್ದ ಮಾತು ಡಬ್ಬಿಯ ಬೀಗ ತೆಗೆಯುವಾಗ ಬರುವುದಿಲ್ಲ.

ಇನ್ನು ನಮ್ಮ ಮೇಲಧಿಕಾರಿ. ಮಂಡಳಿಯ ಅಧ್ಯಕ್ಷರು ಸರ್ವಮಂಗಳಮ್ಮನವರು, ಎಣ್ಣೆ ಮಿಲ್ಲಿನ ಸಾಹುಕಾರರ ಮನೆಯವರು. ಹೆಸರಿನಷ್ಟೇ ಉದ್ದವಾಗಿ ಮಾತಾಡುತ್ತಿದ್ದರು. ಕೈಯೂ ಅಷ್ಟೇ ಉದ್ದ. ಕೊಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಕೊಟ್ಟದ್ದು ನಾಲ್ಕು ಜನರ ಕಣ್ಣಿಗೆ ಬೀಳಬೇಕು ಎಂಬುದೊಂದೇ ಅವರ ಆಸೆ. ಅದೇನು ದೊಡ್ಡ ತಪ್ಪಲ್ಲ. ನನ್ನ ಹೋಳಿಗೆಯನ್ನು ಯಾರೂ ಹೊಗಳದಿದ್ದರೆ ನನಗೂ ರಾತ್ರಿ ನಿದ್ದೆ ಹತ್ತುವುದಿಲ್ಲ.

ನಮ್ಮ ಊರು ಎಣ್ಣೆಯ ಊರು. ಶೇಂಗಾ ಸುಗ್ಗಿ ಬಂದಾಗ ಗಾಳಿಗೂ ಜಿಡ್ಡು ಅಂಟುತ್ತದೆ. ಪೇಟೆಯ ಈಶ್ವರನ ಗುಡಿಯ ನಂದಾದೀಪಕ್ಕೆ ಪ್ರತಿ ಮಿಲ್ಲಿನವರೂ ವರ್ಷದ ಮೊದಲ ಗಾಣದ ಎಣ್ಣೆಯನ್ನು ಡಬ್ಬಿಗಟ್ಟಲೆ ತಂದುಕೊಡುತ್ತಿದ್ದರು. ದೀಪ ಇರುವುದು ಒಂದು, ಬತ್ತಿ ಒಂದು. ಪೂಜೆಯ ಅಯ್ಯನವರು ಎಣ್ಣೆ ಸುರಿಯುತ್ತ ಸುರಿಯುತ್ತ, ಅದು ತುಂಬಿ, ಕಂಬದಿಂದ ಇಳಿದು, ಕಲ್ಲುಹಾಸಿನ ಮೇಲೆ ಹರಿದು, ಪ್ರದಕ್ಷಿಣೆ ಹಾಕುವವರು ಗೋಡೆ ಹಿಡಿದುಕೊಂಡು ಹೋಗುವ ಸ್ಥಿತಿಯಾಗಿತ್ತು. ಹೊರಗಿನಿಂದ ಬಂದ ಭಕ್ತರು ನಮ್ಮೂರಿನವರ ವಿನಯ ನೋಡಿ ಬೆರಗಾಗುತ್ತಿದ್ದರು. ಎಲ್ಲರೂ ತಲೆ ತಗ್ಗಿಸಿ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆಯುತ್ತಾರೆ ಎಂದು.

ಆ ವರ್ಷ ಸರ್ವಮಂಗಳಮ್ಮನವರು ಒಂದು ಸಂಕಲ್ಪ ಮಾಡಿದ್ದರು. ಗುಡಿಯ ಮರದ ಬಾಗಿಲಿಗೆ ಹಿತ್ತಾಳೆಯ ಕವಚ ಹೊಡೆಸಬೇಕು, ಅದರ ಮೇಲೆ ಮಂಡಳಿಯ ಹೆಂಗಸರ ಹೆಸರು ಕೆತ್ತಿಸಬೇಕು. ವರ್ಷದ ಹಿಡಿಧಾನ್ಯವೆಲ್ಲ ಅದಕ್ಕೆ. ನಮಗೂ ಒಪ್ಪಿಗೆಯೇ ಇತ್ತು. ಹಿತ್ತಾಳೆಯ ಮೇಲೆ ನನ್ನ ಹೆಸರು ಹೊಳೆಯುವುದನ್ನು ನಾನೂ ಮನಸ್ಸಿನಲ್ಲೇ ಒಂದೆರಡು ಸಲ ಹುಣಿಸೆಹಣ್ಣು ಹಾಕಿ ಉಜ್ಜಿ ನೋಡಿದ್ದೆ.

ಅಷ್ಟರಲ್ಲಿ ರತ್ನ ಬಂದಳು.

ರತ್ನ ನನ್ನ ತವರೂರು ಮೊಳಕಾಲ್ಮೂರಿನ ಹುಡುಗಿ. ನಮ್ಮ ಪಕ್ಕದ ಮನೆಯ ರೇಷ್ಮೆ ಸೀರೆ ನೇಯುವವರ ಮಗಳು. ಮಗ್ಗದ ಕುಣಿಯ ಪಕ್ಕದಲ್ಲೇ ಓದಿ ನರ್ಸ್ ಆದವಳು, ಆಫ್ರಿಕಾದ ಟಾಂಜಾನಿಯಾದಲ್ಲಿ ಒಂದು ಹಳ್ಳಿಯ ಆಸ್ಪತ್ರೆಗೆ ಕೆಲಸಕ್ಕೆ ಹೋಗಿದ್ದಳು. ರಜೆಯಲ್ಲಿ ಬಂದವಳು ನನ್ನನ್ನು ನೋಡಲು ಚಳ್ಳಕೆರೆಗೂ ಬಂದಳು. ಅವತ್ತು ಸೋಮವಾರ. ಗುಡಿಯ ಮಂಟಪದಲ್ಲಿ ನಡೆಯುವ ಮಂಡಳಿಯ ಭಜನೆಗೆ ಅವಳನ್ನೂ ಕರೆದುಕೊಂಡು ಹೋದೆ. ಭಜನೆ ಮುಗಿದ ಮೇಲೆ ಸರ್ವಮಂಗಳಮ್ಮನವರು, “ಹೇಳಮ್ಮ, ಆ ಕಡೆ ವಿಷ್ಯ” ಎಂದರು.

ಅವಳು ಹೇಳಿದಳು. ಅವಳ ವಾರ್ಡ್ ಚಿಕ್ಕ ಮಕ್ಕಳದು. ಮಳೆ ಶುರುವಾಯಿತೆಂದರೆ ಒಂದೊಂದು ಮಂಚದಲ್ಲಿ ಇಬ್ಬರು ಮೂವರು ಮಕ್ಕಳು, ಎಲ್ಲರಿಗೂ ಚಳಿಜ್ವರ, ಸೊಳ್ಳೆ ಕಡಿದು ಬಂದದ್ದು. “ಔಷಧಿ ಕೊಟ್ಟು ಮನೆಗೆ ಕಳಿಸ್ತೀವಿ. ಅದೇ ಮಗು ಇನ್ನೊಂದು ತಿಂಗಳಿಗೆ ತಾಯಿ ಬೆನ್ನ ಮೇಲೆ ವಾಪಸ್ ಬರ್ತೈತೆ. ಸಲಸಲಕ್ಕೂ ನಿತ್ರಾಣ ಆಗಿರ್ತೈತೆ. ಕೊನೆಗೊಂದು ಸಲ ನಾವು ಏನ್ ಮಾಡಿದ್ರೂ ಉಳಿಯಲ್ಲ. ಮನೆಗೆ ಹೋಗೋವಾಗ ಒಂದು ಸೊಳ್ಳೆಪರದೆ ಕೊಟ್ಟು ಕಳಿಸಿದ್ರೆ ಎಷ್ಟೋ ಮಕ್ಕಳು ವಾಪಸ್ ಬರೋದೇ ಇಲ್ಲಕ್ಕ. ಅಲ್ಲಿಯವ್ರಿಗೆ ಅದನ್ನ ಕೊಳ್ಳೋ ಶಕ್ತಿ ಇಲ್ಲ” ಎಂದಳು.

ಎಲ್ಲರೂ “ಅಯ್ಯೋ” ಎಂದೆವು. ಆದರೆ ದೂರದ “ಅಯ್ಯೋ” ಅದು, ಪೇಪರ್ ಓದಿ ಮಡಿಚಿಡುವಾಗ ಅನ್ನುತ್ತೇವಲ್ಲ, ಅಂಥದ್ದು. ಆಗ ನಮ್ಮ ಮಂಡಳಿಯ ಹಿರಿಯಳು ಬಸಮ್ಮಜ್ಜಿ ಕೇಳಿದಳು, “ಅಲ್ಲೇ ಕೂಸೇ, ಅವ್ರು ಉಣ್ಣದೇನು?”

“ಮುದ್ದೆ, ಅಜ್ಜಿ.”

ಕಂಬಕ್ಕೆ ಒರಗಿದ್ದವರೆಲ್ಲ ನೆಟ್ಟಗೆ ಕೂತರು.

“ಮುದ್ದೆನಾ? ಯಾವುದ್ರದ್ದು?”

“ಮೆಕ್ಕೆಜೋಳದ ಹಿಟ್ಟಿಂದು. ನಮ್ಮಂಗೇ ಕೋಲು ಹಾಕಿ ತಿರುವ್ತಾರೆ. ಸೊಪ್ಪಿನ ಸಾರು ಮಾಡ್ಕೊಂತಾರೆ.”

“ನುಂಗ್ತಾರೋ, ಅಗೀತಾರೋ?”

ರತ್ನ ಸ್ವಲ್ಪ ಅನುಮಾನಿಸಿದಳು. “ಅಗೀತಾರೆ.”

“ಅಯ್ಯೋ ಶಿವನೇ!” ಈ ಸಲದ ಅಯ್ಯೋ ಹೊಟ್ಟೆಯಿಂದ ಬಂದದ್ದು. “ಮುದ್ದೆ ಅಗಿಯೋದಾ? ಪಾಪ, ಪಾಪ. ಅಲ್ಲಿ ಅಷ್ಟು ವರ್ಸ ಇದ್ದು ಏನ್ ಮಾಡ್ದೆ ನೀನು? ನುಂಗೋದು ಕಲಿಸ್ಬಾರ್ದಾ?”

ಅಂದಿನಿಂದ ಆ ಮಕ್ಕಳು ನಮಗೆ ಹತ್ತಿರದವರಾದರು. ಮುದ್ದೆ ಉಣ್ಣುವವರು, ಆದರೆ ಹೇಗೆ ಉಣ್ಣಬೇಕೆಂದು ಹೇಳಿಕೊಡುವವರಿಲ್ಲದವರು. ನಮ್ಮ ಅನುಕಂಪ ಒಮ್ಮೆಲೇ ಉಕ್ಕಿತು. ಅದರ ಸದ್ದಿನಲ್ಲಿ ಪರದೆಯ ಮಾತು ಎಲ್ಲಿ ಮುಳುಗಿಹೋಯಿತೋ ಯಾರಿಗೂ ತಿಳಿಯಲಿಲ್ಲ.

ಮುಂದಿನ ವಾರ ರತ್ನ ಮೊಳಕಾಲ್ಮೂರಿನಲ್ಲಿ ತಾಯಿಯ ಹತ್ತಿರ ಇದ್ದಾಗ ಸರ್ವಮಂಗಳಮ್ಮನವರು ಸಭೆ ಕರೆದು, “ಹಿಡಿಧಾನ್ಯ ಬಾಗಿಲಿಗೇ ಇರಲಿ. ಆ ಮಕ್ಕಳಿಗೆ ನಾವು ಬೇರೆ ಏನಾದ್ರೂ ಮಾಡೋಣ. ಚಳಿಜ್ವರ ಅಂದ್ಲಲ್ಲ. ಚಳಿಗೆ ಏನ್ ಬೇಕು?” ಎಂದರು. ನಮ್ಮ ಕಡೆ ಯಾರಿಗೇ ನಡುಕದ ಜ್ವರ ಬರಲಿ, ಮೊದಲು ಕಂಬಳಿ ಹೊದಿಸುತ್ತೇವೆ. ಡಾಕ್ಟರ ಹತ್ತಿರ ಹೋಗುವುದು ಆಮೇಲೆ. ಅದೂ ಚಳ್ಳಕೆರೆಯ ಕಂಬಳಿ! ಅದನ್ನು ಹೊದ್ದುಕೊಂಡರೆ ಜ್ವರ ಚುಚ್ಚಿಸಿಕೊಂಡೇ ಓಡಿಹೋಗಬೇಕು. ಎಲ್ಲರೂ ಅಟ್ಟ ಹತ್ತಿ ಕಂಬಳಿ ಇಳಿಸಿದರು. ಸಾಲದ್ದಕ್ಕೆ ಸಂತೆಯಲ್ಲಿ ಹೊಸವನ್ನೂ ಕೊಂಡರು. ಬೇವಿನ ಸೊಪ್ಪು ಇಟ್ಟು, ಮೂಟೆ ಕಟ್ಟಿ, ಎಲ್ಲ ತಂದು ನಮ್ಮ ಪಡಸಾಲೆಯಲ್ಲಿ ಪೇರಿಸಿದರು. ನಮ್ಮ ಯಜಮಾನರದು ಧಾನ್ಯದ ಮಂಡಿ. ಸಂಜೆ ಬಂದವರು ಮೂಟೆಗಳನ್ನು ನೋಡಿ, “ಏನೇ ಇದು, ಕುರಿ ಯಾವಾಗ ಬರ್ತಾವೆ?” ಎಂದರು.

ರತ್ನ ಬಂದು ನೋಡಿದವಳು ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಅಳುತ್ತಿದ್ದಾಳೋ ಎಂದುಕೊಂಡೆ. ನಗುತ್ತಿದ್ದಳು.

“ಅಕ್ಕಾ, ಅಲ್ಲಿ ನಮ್ಮ ಚಳ್ಳಕೆರೆಗಿಂತ ಸೆಕೆ. ಮಕ್ಕಳ ಮೈ ಮೇಲಿರೋ ಬಟ್ಟೇನೇ ತೆಗೆದು ಒದ್ದೆ ಬಟ್ಟೇಲಿ ಒರೆಸ್ತೀವಿ. ಇದನ್ನ ಹೊದಿಸಿದ್ರೆ ನನ್ನನ್ನ ಜೈಲಿಗೆ ಹಾಕ್ತಾರೆ.” ಆಮೇಲೆ ಅವಳ ನಗು ಇಳಿಯಿತು. “ನಾನು ಕೇಳಿದ್ದು ಪರದೆ ಅಲ್ಲೇನಕ್ಕ. ಹಗುರ ಇರ್ತಾವೆ, ನಾನೇ ಪೆಟ್ಟಿಗೇಲಿ ಒಯ್ತೀನಿ, ಅಲ್ಲಿ ನಾವೇ ಔಷಧಿ ನೀರಲ್ಲಿ ಅದ್ದಿ ಕೊಡ್ತೀವಿ. ದೀಪಾವಳಿ ಮುಗಿದ ಮೇಲೆ ನಾನು ಹೊರಡಬೇಕು. ಅವು ಹೋಗದಿದ್ರೆ ಬರೋ ಮಳೆಗಾಲ ಮತ್ತೆ ಹಂಗೇ.”

“ಕೊಡಿಸ್ತೀನಿ” ಎಂದೆ. ಕೊಡಿಸಲು ನಾನು ಯಾರು? ಧಾನ್ಯವಿದ್ದದ್ದು ಮಂಡಳಿಯದು, ಅದು ಆಗಲೇ ಹಿತ್ತಾಳೆಯಾಗಲು ಹೊರಟಿತ್ತು.

ಸಭೆಯಲ್ಲಿ ಕೇಳಿದೆ. ಈ ವರ್ಷದ ಧಾನ್ಯ ಮಾರಿ ಪರದೆ ಕೊಳ್ಳೋಣ, ಬಾಗಿಲು ಮುಂದಿನ ವರ್ಷಕ್ಕಿರಲಿ ಎಂದೆ. ಸರ್ವಮಂಗಳಮ್ಮನವರು ಕನ್ನಡಕ ಸರಿಮಾಡಿಕೊಂಡರು. “ನೀಲಮ್ಮ, ನಿನ್ನ ಮನಸ್ಸು ದೊಡ್ಡದು. ಆದ್ರೆ ನಮ್ಮ ಕಡೆನೇ ಬಡವರಿಲ್ವಾ? ಇಲ್ಲಿಯವ್ರನ್ನ ಬಿಟ್ಟು ಸಮುದ್ರದಾಚೆ ಯಾಕೆ ಹೋಗ್ಬೇಕು?”

ಈ ಮಾತಿಗೆ ಉತ್ತರ ಕೊಡಲು ನಾನು ಬಹಳ ಹೊತ್ತು ಮಾತಾಡಿದೆ. ಎಷ್ಟು ಹೊತ್ತೆಂದರೆ, ಗುಡಿಯ ಹಿಂದಿನ ಮನೆಯ ಕುಕ್ಕರ್ ಕೂಗಿತು, ಎಲ್ಲರಿಗೂ ತಮ್ಮ ಅಡಿಗೆ ನೆನಪಾಯಿತು, ನಾನು ಕೊನೆಯ ಮಾತಿಗೆ ಬರುವಷ್ಟರಲ್ಲಿ ಎದುರಿಗೆ ಬಸವಣ್ಣನ ವಿಗ್ರಹ ಒಂದೇ ಕೂತಿತ್ತು. ಹುಡುಗಿಯರೇ, ಇದನ್ನು ನೆನಪಿಡಿ. ಧರ್ಮದ ವಿಷಯವನ್ನು ಹೊಟ್ಟೆ ಹಸಿದವರ ಹತ್ತಿರ ಉದ್ದಕ್ಕೆ ಹೇಳಬಾರದು.

ಹೊರಡುವಾಗ ಸರ್ವಮಂಗಳಮ್ಮನವರು ಒಂದು ದಾರಿ ಮಾತ್ರ ತೆರೆದಿಟ್ಟರು. “ಮೊಳಕಾಲ್ಮೂರು ದಾರೀಲಿ ದೇವಸಮುದ್ರದ ಕಡೆ ಹಳ್ಳಿ ಹೆಂಗಸ್ರೂ ನಮಗೆ ಹಿಡಿಧಾನ್ಯ ಕೊಡ್ತಾರೆ. ಅವ್ರೇ ಬಡವ್ರು. ಅವ್ರು ಒಪ್ಪಿದ್ರೆ ನನ್ನ ತಕರಾರಿಲ್ಲ. ಹೆಂಗೂ ಆ ಕಂಬಳಿ ಮೂಟೆ ಅಲ್ಲೇ ಹಂಚಿ ಬಾ.” ಹಳ್ಳಿಯವರು ಒಪ್ಪುವುದಿಲ್ಲವೆಂಬ ನಂಬಿಕೆ ಅವರದು. ಸತ್ಯ ಹೇಳಿದರೆ, ನನ್ನದೂ ಅದೇ.

“ಮೊಳಕಾಲ್ಮೂರು ಬಸ್ಸಿಗೇ ಅರ್ಧ ದಿನ ಕಾಯ್ತೀಯಾ, ನಿನಗೆ ಆಫ್ರಿಕಾ ಬೇರೆ” ಎನ್ನುತ್ತಲೇ ನಮ್ಮ ಯಜಮಾನರು ಕಂಬಳಿ ಮೂಟೆಗಳನ್ನು ಬಸ್ಸಿನ ಟಾಪಿಗೆ ಹಾಕಿಸಿದರು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ಅದೊಂದು ಶಿವನ ದಯೆ. ಪಕ್ಕದಲ್ಲಿ ಕೂತವನು ಬೀಡಿ ಸೇದಲಿಲ್ಲ, ಅದು ಇನ್ನೊಂದು. ಇಂಥ ಚಿಕ್ಕ ದಯೆಗಳನ್ನು ಎಣಿಸಿಕೊಂಡು ಹೋದರೆ ದಾರಿ ಬೇಗ ಸಾಗುತ್ತದೆ.

ಆ ಹಳ್ಳಿಯಲ್ಲಿ ನಮಗೆ ಧಾನ್ಯ ಕೂಡಿಸಿ ಇಡುತ್ತಿದ್ದವಳು ಓಬಮ್ಮ. ಕುರಿ ಕಾಯುವವರ ಮನೆತನ. ಮನೆಯಲ್ಲೇ ಕಂಬಳಿ ನೇಯ್ದು ಸಂತೆಯಲ್ಲಿ ಮಾರುತ್ತಿದ್ದರು. ಮೂಟೆ ಬಿಚ್ಚಿದೊಡನೆ ಅವಳು ಒಂದು ಕಂಬಳಿಯ ಅಂಚು ಹಿಡಿದು ನೋಡಿ, ಗಂಡನನ್ನು ಕರೆದಳು. “ಬರ್ರಿ ಇಲ್ಲಿ, ನಮ್ ಕಂಬ್ಳಿ ಬಸ್ಸಲ್ಲಿ ಕುಂತು ತವರಿಗೆ ಬಂದೈತೆ.” ನನ್ನ ಕಡೆ ತಿರುಗಿ, “ಏನವ್ವ, ಹೋದ ಸಂತೇಲಿ ನಾನೇ ನಿಮ್ಮೋರಿಗೆ ಮಾರಿದ್ದು. ಈಗ ನಮಗೇ ದಾನನಾ? ಮುಂದಿನ ಸಂತೇಲಿ ಇನ್ನೊಂದ್ ಸಲ ಮಾರ್ತೀನಿ, ನೀವೇ ಕೊಳ್ರಿ, ಹಿಂಗೇ ನಡೀಲಿ” ಎಂದಳು. ನೆರೆದ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಬೇರೆ ಏನು ಮಾಡಲಿ?

ನಕ್ಕ ಮೇಲೆ ವಿಷಯ ಹೇಳಿದೆ. ಈ ಸಲ ಚಿಕ್ಕದಾಗಿ ಹೇಳಿದೆ. ಮಕ್ಕಳು, ಸೊಳ್ಳೆ, ಪರದೆ, ಮುದ್ದೆ. ಒಬ್ಬಳು, “ನಮಗೇ ಇಲ್ಲ, ಅವ್ರಿಗೆಲ್ಲಿಂದ?” ಎಂದಳು. ಅವಳು ಹೇಳಿದ್ದು ಸುಳ್ಳಲ್ಲ.

ಓಬಮ್ಮ ಎಲೆಅಡಿಕೆ ಮಡಿಚುತ್ತ ಕೇಳಿದಳು, “ಆ ಊರಲ್ಲಿ ಮಗೀಗೆ ಜ್ವರ ಬಂದ್ರೆ ಬಸ್ ಐತಾ?”

“ಇಲ್ಲವಂತೆ. ತಾಯಿ ಹೊತ್ಕೊಂಡು ನಡೀತಾಳಂತೆ.”

ಓಬಮ್ಮ ಎಲೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. “ನಾವು ಮಂದೆ ಹೊಡ್ಕೊಂಡು ಆಂಧ್ರದ ಕಡೆ ಹೋಗ್ತಿದ್ವಿ ಬ್ಯಾಸಿಗೇಲಿ. ಒಂದ್ ವರ್ಸ ಅಲ್ಲಿ ನನ್ ಮಗೀಗೆ ಮೈ ಕಾದು, ಕಣ್ಣು ಬಿಡಂಗಿಲ್ಲ. ಅದ್ಯಾವ್ದೋ ಊರು. ಒಬ್ಳು ಹೆಂಗ್ಸು ಮನೆ ಒಳಕ್ಕೆ ಕರ್ದು ಗಂಜಿ ಕಾಸಿ ಕೊಟ್ಳು, ತನ್ ಗಂಡನ್ ಸೈಕಲ್ ಮ್ಯಾಲೆ ಡಾಕ್ಟ್ರತ್ರ ಕಳಿಸಿದ್ಳು. ನಾನು ಯಾರು ಅಂತ ಕೇಳ್ಲಿಲ್ಲ. ಅವ್ಳ ಮನ್ಯಾಗೂ ಒಂದೇ ಗಡಿಗೆ ಇದ್ದದ್ದು, ನಾನು ನೋಡಿದ್ನಲ್ಲ. ‘ನಮ್ಮೂರ ಬಡವ್ರು ಮೊದ್ಲು’ ಅಂತ ಅವ್ಳು ಅಂದಿದ್ರೆ ನನ್ ಮಗ ಇವತ್ತು ಟಗರು ಕಾಯ್ತಿರ್ಲಿಲ್ಲ.” ಆಗ ಎಲೆಯನ್ನು ಬಾಯಿಗೆ ಹಾಕಿಕೊಂಡಳು. “ನೀವು ಪ್ಯಾಟೆಯೋರು ದೂರ ಹೋದೋರಲ್ಲ. ಅದ್ಕೆ ದೂರದೋರು ಅಂದ್ರೆ ನಿಮಗೆ ದಿಗಿಲು. ನಾನೇ ಬರ್ತೀನಿ ನಡೀರಿ, ನಿಮ್ ಅಧ್ಯಕ್ಷರ ಹತ್ರ.”

ಸೋಮವಾರ ಬಂದಳು. ಮಂಟಪದ ಕಂಬದ ಪಕ್ಕ ಕೂರಲು ಹೋಗಿ, ಎಣ್ಣೆಯ ಮೇಲೆ ಕಾಲಿಟ್ಟು, ಬಸಮ್ಮಜ್ಜಿಯ ಹೆಗಲು ಹಿಡಿದುಕೊಂಡು ನಿಂತಳು. “ಇದೇನ್ರವ್ವ, ದೇವ್ರು ಭಕ್ತರನ್ನ ಕೆಡವೋಕೆ ಕುಂತವ್ನಾ?”

ಸರ್ವಮಂಗಳಮ್ಮನವರು ಗೌರವದಿಂದಲೇ ಕೇಳಿದರು. “ನೋಡು ಓಬಮ್ಮ, ನಿಮ್ಮಂಥ ನಮ್ಮ ಕಡೆ ಜನ ಕಷ್ಟದಲ್ಲಿರೋವಾಗ ನಾವು ಹೊರಗಿನವ್ರಿಗೆ ಕೊಡೋದು ಸರಿಯಾ, ನೀನೇ ಹೇಳು.”

“ನಮಗೆ ಕೊಡ್ತೀರಾ ಹಂಗಾದ್ರೆ ಧಾನ್ಯಾನ?”

“ಅದು... ಈ ವರ್ಷ ಬಾಗಿಲಿಗೆ ಅಂತ...”

“ಹಂಗಾದ್ರೆ ನಮ್ ಹೆಸ್ರು ಯಾಕೆ ಮಧ್ಯಕ್ಕೆ ತರ್ತೀರವ್ವ? ಆ ಮಕ್ಳು ಕೇಳಿದ್ರೆ ‘ನಮ್ ಬಡವ್ರು ಅವ್ರೆ’ ಅಂತೀರಿ. ನಮ್ ಪಾಲಿಗೆ ಬರೋದು ಹಿತ್ತಾಳೆ ಬಾಗ್ಲು, ದೂರದಿಂದ ಕೈ ಮುಗಿಯಾಕೆ.”

ಯಾರೂ ಸರ್ವಮಂಗಳಮ್ಮನವರಿಗೆ ಹೀಗೆ ಹೇಳಿದ್ದಿಲ್ಲ. ಓಬಮ್ಮನ ದನಿಯಲ್ಲಿ ಕೋಪವೇ ಇರಲಿಲ್ಲ. ಅದಕ್ಕೇ ಅದು ಹೆಚ್ಚು ತಾಕಿತು. ಅದೇ ಹೊತ್ತಿಗೆ ಒಬ್ಬ ಮಿಲ್ಲಿನ ಆಳು ತಲೆಯ ಮೇಲೆ ಎಣ್ಣೆ ಡಬ್ಬಿ ಹೊತ್ತು ಬಂದ. ಅಯ್ಯನವರು ಗರ್ಭಗುಡಿಯಿಂದಲೇ ಕೈ ಅಡ್ಡ ಹಿಡಿದು, “ಬ್ಯಾಡಪ್ಪ, ಬ್ಯಾಡ! ಕೋಣೆ ತುಂಬೈತೆ, ನಾನು ಮಲಗೋ ಚಾಪೆ ಹಾಸಾಕೂ ಜಾಗ ಇಲ್ಲ” ಎಂದು ಬೇಡಿಕೊಂಡರು.

ನನಗೆ ಅಂದಿನವರೆಗೆ ಹೊಳೆಯದ ಮಾತು ಆಗ ಬಾಯಿಗೆ ಬಂತು. “ಅಮ್ಮಾರೆ, ಆ ದೀಪಕ್ಕೆ ಇನ್ನೊಂದು ಸೌಟು ಎಣ್ಣೆ ಹಾಕಿದ್ರೆ ಬೆಳಕೇನೂ ಹೆಚ್ಚಾಗಲ್ಲ, ನೆಲ ಜಾರುತ್ತೆ ಅಷ್ಟೇ. ಎಲ್ಲೋ ಒಂದು ಮನೇಲಿ ಹಣತೆ ಒಣಗಿ ಬತ್ತಿ ಕರಕಾಗ್ತಾ ಐತೆ. ಅದೇ ಸೌಟು ಅಲ್ಲಿಗೆ ಹೋದ್ರೆ ರಾತ್ರಿಯೆಲ್ಲ ಉರಿಯುತ್ತೆ. ಕೊಡೋದು ಶಿವನಿಗೇ ಆದ್ರೆ, ಎರಡೂ ಮನೆ ಅವನದೇ. ನಮ್ಮ ಹಿಡಿ ಎಲ್ಲಿಗೆ ಹೋದ್ರೆ ಹೆಚ್ಚು ಜೀವ ಉಳಿಯುತ್ತೋ ಅಲ್ಲಿಗೆ ಹೋಗಲಿ. ಆ ಊರು ಹತ್ತಿರ ಐತೋ ದೂರ ಐತೋ ಅಂತ ಅವನು ಕೇಳಲ್ಲ.”

ಇಷ್ಟೇ ಹೇಳಿದ್ದು. ಕುಕ್ಕರ್ ಕೂಗುವುದಕ್ಕೆ ಮುಂಚೆ ಮುಗಿಯಿತು.

ಸರ್ವಮಂಗಳಮ್ಮನವರು ಎದ್ದು, ಗೋಡೆ ಹಿಡಿದುಕೊಂಡು ದೀಪದವರೆಗೆ ಹೋದರು. ತುಂಬಿ ತುಳುಕುವ ದೀಪವನ್ನು ನೋಡಿದರು. ಅದರಲ್ಲಿ ಅವರ ಮಿಲ್ಲಿನ ಎಣ್ಣೆಯೂ ಇತ್ತು. ನಮ್ಮ ಕಡೆ ತಿರುಗಿ, “ಬಾಗಿಲು ಎಲ್ಲಿಗೂ ಓಡಿ ಹೋಗಲ್ಲ ಬಿಡು. ಈ ವರ್ಷ ಪರದೆ” ಎಂದರು. “ಆದ್ರೆ ಕೊಟ್ಟೋರ ಹೆಸ್ರು ಪರದೆ ಮೇಲೆ ಇರ್ಬೇಕು. ಹೊಲಿಯೋಣ.”

“ಎಣ್ಣೆ?” ಎಂದಳು ಓಬಮ್ಮ.

“ಏನು ಎಣ್ಣೆ?”

“ಅಯ್ಯನೋರಿಗೆ ಮಲಗಾಕೆ ಜಾಗ ಇಲ್ವಂತೆ. ನಮ್ ಹಟ್ಟೀಲಿ ಜಾಗ ಐತೆ. ಎಣ್ಣೆ ಒಗ್ಗರಣೆ ಕಂಡು ಬಾಳ ದಿನ ಆಯ್ತು.”

ಅಯ್ಯನವರು ಯಾರನ್ನೂ ಕೇಳದೆ, “ಇವತ್ತೇ ಒಯ್ಯವ್ವ” ಎಂದರು. ಗುಡಿಯ ಪ್ರಸಾದವೆಂದು ಆ ಡಬ್ಬಿಗಳು ದೇವಸಮುದ್ರದ ಬಸ್ಸು ಹತ್ತಿದವು. ನಮ್ಮೂರ ಬಡವರಿಗೆ ಆ ವರ್ಷ ಮಂಡಳಿಯಿಂದ ಏನಾದರೂ ಮುಟ್ಟಿದ್ದರೆ, ಅದು ದೂರದವರಿಗೆ ಕೊಡಲು ಹೊರಟದ್ದರಿಂದಲೇ ಮುಟ್ಟಿತು.

ನಮ್ಮ ಯಜಮಾನರು ಧಾನ್ಯ ಮಾರಿ, ಬಳ್ಳಾರಿಗೆ ಶೇಂಗಾ ಹೊತ್ತುಹೋದ ಲಾರಿಯಲ್ಲಿ ಪರದೆ ತರಿಸಿದರು. ಮಧ್ಯಾಹ್ನಗಳಲ್ಲಿ ನಮ್ಮ ಪಡಸಾಲೆಯಲ್ಲಿ ಕೂತು ಪರದೆಯ ಬಟ್ಟೆಯಂಚಿಗೆ ಒಬ್ಬೊಬ್ಬರೂ ಬಣ್ಣದ ದಾರದಲ್ಲಿ ಹೆಸರು ಹೊಲಿದೆವು. ಸರ್ವಮಂಗಳಮ್ಮನವರ ಹೆಸರು ಒಂದು ಬದಿಯಲ್ಲಿ ಹಿಡಿಸಲಿಲ್ಲ, ಮೂಲೆ ತಿರುಗಿ ಇನ್ನೊಂದು ಬದಿಗೆ ಹೋಯಿತು. ಪರದೆಯೊಳಗೆ ಮಲಗಿದ ಮಗು ಪೂರ್ತಿ ಓದಬೇಕಾದರೆ ಎದ್ದು ಸುತ್ತು ಹಾಕಬೇಕಿತ್ತು. ಓಬಮ್ಮನಿಗೆ ಅಕ್ಷರ ಬಾರದು. ನಾನು ಬರೆದುಕೊಡುತ್ತೇನೆಂದರೆ ಬೇಡವೆಂದಳು. ತನ್ನ ಕರಿ ಉಣ್ಣೆಯ ನೂಲಿನಲ್ಲಿ ಒಂದು ಕುರಿ ಹೊಲಿದಳು. “ನಮ್ ಮಂದೆ ಟಗರು” ಎಂದಳು. ಬಸಮ್ಮಜ್ಜಿ ಕಣ್ಣು ಕಿರಿದು ಮಾಡಿ ನೋಡಿ, “ನಾಕು ಕಾಲಿನ ಶೇಂಗಾಕಾಯಿ ಇದ್ದಂಗೈತೆ” ಎಂದಳು.

ರತ್ನನ ತಾಯಿ ಮಗಳಿಗೆಂದು ತಾನೇ ನೇಯ್ದ ಸೀರೆಗಳನ್ನು ಪೆಟ್ಟಿಗೆಗೆ ಜೋಡಿಸಿದ್ದಳಂತೆ. ರತ್ನ ಅವನ್ನೆಲ್ಲ ತೆಗೆದು ಪರದೆ ತುಂಬಿದಳು. “ರೇಷ್ಮೆ ನೇಯೋರ ಮಗಳು ಸೊಳ್ಳೆಪರದೆ ಹೊತ್ಕೊಂಡು ವಿಮಾನ ಹತ್ತಾಳೆ, ನನ್ನ ಕರ್ಮ” ಎಂದು ತಾಯಿ ಬೈಯುತ್ತಲೇ ಪೆಟ್ಟಿಗೆಯ ಮೇಲೆ ಕೂತು, ಮುಚ್ಚಲು ಸಹಾಯ ಮಾಡಿದಳಂತೆ.

ಆಮೇಲೆ ನಾವು ನಮ್ಮ ನಮ್ಮ ಕೆಲಸಕ್ಕೆ ಬಿದ್ದೆವು. ಸೋಮವಾರ ಬರುತ್ತಿತ್ತು, ಚೀಲ ಹೊರುತ್ತಿದ್ದೆ. ನಮ್ಮ ಪರದೆಯ ಕೆಳಗೆ ಯಾರು ಮಲಗಿದರೋ, ಮಳೆಗಾಲ ಹೇಗೆ ಕಳೆಯಿತೋ ನಮಗೆ ತಿಳಿಯದು. ಹುಡುಗಿಯರೇ, ಈ ಕೆಲಸದಲ್ಲಿ ಕಷ್ಟದ್ದು ಇದೇ. ಪಕ್ಕದ ಮನೆಗೆ ಅನ್ನ ಕೊಟ್ಟರೆ ಉಂಡವರ ಮುಖ ಕಾಣುತ್ತದೆ. ದೂರಕ್ಕೆ ಕೊಟ್ಟರೆ ಶಿವನನ್ನು ನಂಬಿದಂತೆಯೇ ನಂಬಬೇಕು. ಕಾಣದೆ.

ರತ್ನ ಮುಂದಿನ ರಜೆಗೆ ಬಂದಾಗ ಮಂಡಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಬಮ್ಮನೂ ಬಂದಿದ್ದಳು. ನೆಲ ಒಣಗಿತ್ತು, ಅಯ್ಯನವರು ದೀಪಕ್ಕೆ ಎಣ್ಣೆಯನ್ನು ಚಿಕ್ಕ ಮಿಳ್ಳೆಯಲ್ಲಿ ಹಾಕುವುದನ್ನು ಕಲಿತಿದ್ದರು.

“ಪರದೆ ಒಯ್ದ ಮಕ್ಕಳು ಮತ್ತೆ ಆಸ್ಪತ್ರೆಗೆ ಬರಲಿಲ್ಲ ತಾನೆ?” ಎಂದು ನಾನೇ ಮೊದಲು ಕೇಳಿದೆ.

“ಬಂದ್ರಕ್ಕ, ಕೆಲವ್ರು. ಸುಳ್ಳು ಹೇಳಲ್ಲ. ಬರದೇ ಇದ್ದೋರೇ ಹೆಚ್ಚು. ನಮ್ಮ ಕೆಲಸದಲ್ಲಿ ಮತ್ತೆ ಮುಖ ತೋರಿಸದ ಮಕ್ಕಳೇ ನಮಗೆ ಸಂತೋಷ.”

ಬಸಮ್ಮಜ್ಜಿ, “ಅಗೀತಾವಾ ಇನ್ನೂ?” ಎಂದಳು. “ಅಗೀತಾವೆ, ಅಜ್ಜಿ” ಎಂದು ರತ್ನ ತಪ್ಪೊಪ್ಪಿಕೊಂಡಳು.

ಸರ್ವಮಂಗಳಮ್ಮನವರು ತಡೆಯಲಾರದೆ ಕೇಳಿಯೇಬಿಟ್ಟರು. “ಹೆಸ್ರು? ಹೆಸ್ರು ನೋಡಿ ಏನಂದ್ರು?”

ರತ್ನ ನನ್ನ ಮುಖ ನೋಡಿದಳು, ಆಮೇಲೆ ಅವರ ಮುಖ ನೋಡಿದಳು. “ಅಮ್ಮಾರೆ, ಅಲ್ಲಿ ಯಾರಿಗೂ ಕನ್ನಡ ಬರಲ್ಲ. ಅದು ಹೂಬಳ್ಳಿ ಅಂದ್ಕೊಂಡಿದ್ದಾರೆ. ನಿಮ್ಮ ಪರದೇದು ಬಳ್ಳಿ ಬಾಳ ಉದ್ದ ಐತೆ ಅಂತ ತಾಯಂದ್ರು ಮೆಚ್ಚಿದ್ರು.”

ಯಾರೂ ನಗಲಿಲ್ಲ. ನಗದೆ ಇರಲು ನಾವೆಲ್ಲ ಪಟ್ಟ ಪಾಡು ಶಿವನಿಗೇ ಗೊತ್ತು.

“ಒಂದು ಪರದೆ ಮಾತ್ರ ನಾನು ಯಾರ ಮನೆಗೂ ಕೊಡ್ಲಿಲ್ಲ” ಎಂದಳು ರತ್ನ. “ಕುರೀದು. ಕೊಟ್ಟರೆ ಉಳಿದ ಮಕ್ಕಳು ಅಳ್ತಾವೆ. ಎಲ್ಲಕ್ಕೂ ಅದೇ ಬೇಕು. ಅದಕ್ಕೆ ವಾರ್ಡಲ್ಲೇ ಇಟ್ಟೀನಿ. ಯಾವ ಮಗೂಗೆ ಜ್ವರ ಹೆಚ್ಚೋ ಅದನ್ನ ಅದರ ಕೆಳಗೆ ಮಲಗಿಸ್ತೀವಿ. ಅದು ಬೆರಳಿಂದ ಕುರಿ ಮುಟ್ಟುತ್ತಾ ಮುಟ್ಟುತ್ತಾ ನಿದ್ದೆ ಹೋಗ್ತೈತೆ.”

ಓಬಮ್ಮ ಮುಖಕ್ಕೆ ಸೆರಗು ಎಳೆದುಕೊಂಡಳು.

ಸರ್ವಮಂಗಳಮ್ಮನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಬಾಗಿಲ ಕಡೆ ಒಮ್ಮೆ ನೋಡಿದರು. ಅದು ಇನ್ನೂ ಮರದ್ದೇ ಇತ್ತು. ಆಮೇಲೆ ಓಬಮ್ಮನ ಪಕ್ಕಕ್ಕೆ ಸರಿದು, ಬೇರೆ ಯಾರಿಗೂ ಕೇಳಿಸಬಾರದೆಂದು ದನಿ ತಗ್ಗಿಸಿ, ಆದರೆ ಅವರ ದನಿ ತಗ್ಗಿದರೂ ಮಂಟಪಕ್ಕೆಲ್ಲ ಕೇಳಿಸುತ್ತಿತ್ತು, ಕೇಳಿದರು.

“ಓಬಮ್ಮ, ಈ ವರ್ಷದ ಪರದೆಗೆ ನನ್ನ ಹೆಸ್ರು ಬ್ಯಾಡ. ಆ ಕುರಿ ಹೊಲಿಯೋದು ನನಗೂ ಒಂಚೂರು ಹೇಳಿಕೊಡ್ತೀಯಾ?”